ಕೊಡುವವರ, ಪಡೆಯುವವರ ನಡುವೆ: ಅಂಗಾಂಗ ದಾನ ನಡೆದುಬಂದ ಹಾದಿ

ನಮ್ಮ ಊರುಗಳಲ್ಲಿ ಒಂದು ಮನೆಯಲ್ಲಿ ಸಾವಾದರೆ ಏನಾಗುತ್ತದೆಂಬುದನ್ನು ನಾವೆಲ್ಲರೂ ಕಂಡಿದ್ದೇವೆ. ಮನೆಯವರು ದುಃಖದಲ್ಲಿ ಮುಳುಗಿರುತ್ತಾರೆ. ಅವರನ್ನು ಯಾರೂ ಏನನ್ನೂ ಕೇಳುವುದಿಲ್ಲ. ಆದರೂ ಒಬ್ಬರು ಗುರುಮನೆಗೆ ಹೋಗಿ ಸ್ವಾಮಿಗಳಿಗೆ ತಿಳಿಸುತ್ತಾರೆ. ಮತ್ತೊಬ್ಬರು ದೇವಾಲಯದ ಗಂಟೆ ಬಾರಿಸುತ್ತಾರೆ. ಇನ್ನಿಬ್ಬರು ಗುದ್ದಲಿ ಹಿಡಿದು ಸಮಾಧಿ ಭೂಮಿಯತ್ತ ನಡೆಯುತ್ತಾರೆ. ಯಾರೋ ಪೆಟ್ಟಿಗೆಗೆ ಹೇಳಿಬರುತ್ತಾರೆ, ಯಾರೋ ದೂರದ ನೆಂಟರಿಗೆ ಸುದ್ದಿ ಮುಟ್ಟಿಸುತ್ತಾರೆ, ನೆರೆಮನೆಯ ಒಲೆಯ ಮೇಲೆ ಗಂಜಿ ಬೇಯುತ್ತದೆ. ಯಾರಿಗೂ ನೇಮಕದ ಪತ್ರವಿಲ್ಲ, ಯಾರಿಗೂ ಸಂಬಳವಿಲ್ಲ. ಆದರೂ ಎಲ್ಲವೂ ಕ್ರಮವಾಗಿ ನಡೆದುಹೋಗುತ್ತದೆ. ತಲೆಮಾರುಗಳಿಂದ ಕಲಿತ ಈ ಕ್ರಮಕ್ಕೆ ನಾವು ದೊಡ್ಡ ಹೆಸರನ್ನೇನೂ ಇಟ್ಟಿಲ್ಲ. ಇಂದಿನ ಆಡಳಿತದ ಭಾಷೆಯಲ್ಲಿ ಅದರ ಹೆಸರು ಸಮನ್ವಯ.

ಕಳೆದ ಎಪ್ಪತ್ತು ವರ್ಷಗಳಲ್ಲಿ ವೈದ್ಯಶಾಸ್ತ್ರವು ಸಾವಿನ ಮನೆಗೆ ಹೊಸದೊಂದು ಪ್ರಶ್ನೆಯನ್ನು ತಂದಿಟ್ಟಿದೆ. ಅಗಲಿದವರ ಹೃದಯ, ಯಕೃತ್ತು, ಮೂತ್ರಪಿಂಡ, ಕಣ್ಣುಗಳನ್ನು ಮತ್ತೊಬ್ಬರ ಬದುಕಿಗೆ ಕೊಡಬಹುದೇ ಎಂಬುದೇ ಆ ಪ್ರಶ್ನೆ. ಕೊಡುವ ಮನಸ್ಸು ಒಂದು ಮನೆಯಲ್ಲಿರಬಹುದು, ಪಡೆಯುವ ಅಗತ್ಯ ನೂರಾರು ಮೈಲಿ ದೂರದ ಮತ್ತೊಂದು ಮನೆಯಲ್ಲಿರಬಹುದು. ಅವೆರಡರ ನಡುವೆ ಕೆಲವೇ ಗಂಟೆಗಳಲ್ಲಿ ಸೇತುವೆ ಕಟ್ಟುವವರು ಯಾರು? ಬಡ ರಾಷ್ಟ್ರಗಳಲ್ಲಿ ಅಂಗಾಂಗ ದಾನದ ಇತಿಹಾಸವೆಂದರೆ ಬಹುಮಟ್ಟಿಗೆ ಈ ಪ್ರಶ್ನೆಗೆ ಉತ್ತರ ಹುಡುಕಿದ ಇತಿಹಾಸವೇ ಆಗಿದೆ.

ಹೊಸ ಬಗೆಯ ಸಾವು

1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರಿ ಮತ್ತು ಅವರ ಸಂಗಡಿಗರು ಅವಳಿ ಸಹೋದರರಲ್ಲಿ ಒಬ್ಬನ ಮೂತ್ರಪಿಂಡವನ್ನು ಮತ್ತೊಬ್ಬನಿಗೆ ಯಶಸ್ವಿಯಾಗಿ ಕಸಿ ಮಾಡಿದರು. ಅವರಿಬ್ಬರೂ ತದ್ರೂಪಿ ಅವಳಿಗಳಾದ್ದರಿಂದ ಒಬ್ಬನ ಅಂಗವನ್ನು ಮತ್ತೊಬ್ಬನ ದೇಹ ತಿರಸ್ಕರಿಸಲಿಲ್ಲ. ಮುಂದೆ 1990ರಲ್ಲಿ ಮರ್ರಿಯವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. 1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನ್‌ನಲ್ಲಿ ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಮೊಟ್ಟಮೊದಲ ಬಾರಿಗೆ ಮನುಷ್ಯನ ಹೃದಯವನ್ನು ಮತ್ತೊಬ್ಬ ಮನುಷ್ಯನಿಗೆ ಜೋಡಿಸಿದರು. ಆ ರೋಗಿ ಬದುಕಿದ್ದು ಹದಿನೆಂಟು ದಿನ ಮಾತ್ರ. ಆದರೂ ಜಗತ್ತು ಬೆರಗಾಯಿತು.

ಆ ಬೆರಗಿನ ಜೊತೆಗೇ ಒಂದು ಗಂಭೀರ ಪ್ರಶ್ನೆಯೂ ಎದ್ದಿತು. ಹೃದಯವನ್ನು ಕೊಟ್ಟವರು ಸತ್ತದ್ದು ಯಾವ ಕ್ಷಣದಲ್ಲಿ? ಸಾವಿರಾರು ವರ್ಷಗಳಿಂದ ಮನುಷ್ಯರು ಉಸಿರು ನಿಂತುದನ್ನೂ ನಾಡಿ ನಿಂತುದನ್ನೂ ನೋಡಿ ಸಾವನ್ನು ನಿರ್ಣಯಿಸಿದ್ದರು. ಕೃತಕ ಉಸಿರಾಟದ ಯಂತ್ರ ಬಂದ ಮೇಲೆ ಮಿದುಳು ಸಂಪೂರ್ಣವಾಗಿ, ಮತ್ತೆ ಮರಳಲಾರದಂತೆ ಸತ್ತಿದ್ದರೂ ಯಂತ್ರದ ನೆರವಿನಿಂದ ಎದೆ ಏರಿಳಿಯುವ, ಹೃದಯ ಕೆಲಕಾಲ ಬಡಿಯುವ ಸ್ಥಿತಿ ಕಾಣಿಸಿಕೊಂಡಿತು. 1968ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಮಿತಿಯೊಂದು ಈ ಸ್ಥಿತಿಯನ್ನು ಗುರುತಿಸುವ ಮಾನದಂಡಗಳನ್ನು ಪ್ರಕಟಿಸಿತು. ಇಂದು ನಾವು ಮಿದುಳು ಸಾವು ಎನ್ನುವುದು ಇದನ್ನೇ. ಇದು ಕೋಮಾ ಅಲ್ಲ. ಕೋಮಾದಲ್ಲಿರುವವರು ಬದುಕಿದ್ದಾರೆ, ಮರಳಿ ಬರಲೂಬಹುದು. ಮಿದುಳು ಸಾವಿಗೀಡಾದವರು ಮರಳುವುದಿಲ್ಲ.

ಮಿದುಳು ಸಾವಿನ ನಂತರ ಕಾಲ ಬಹಳ ಬಿಗಿಯಾದದ್ದು. ದೇಹದಿಂದ ತೆಗೆದ ಹೃದಯವನ್ನು ಸುಮಾರು ನಾಲ್ಕರಿಂದ ಆರು ಗಂಟೆಗಳೊಳಗೆ ಜೋಡಿಸಬೇಕು. ಯಕೃತ್ತಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು, ಮೂತ್ರಪಿಂಡಕ್ಕೆ ಸುಮಾರು ಒಂದು ದಿನ ಅವಕಾಶವಿದೆ. ಅಷ್ಟರಲ್ಲಿ ವೈದ್ಯರು ಸಾವನ್ನು ದೃಢಪಡಿಸಬೇಕು, ಮನೆಯವರ ಒಪ್ಪಿಗೆ ಸಿಗಬೇಕು, ಅಪಘಾತವಾಗಿದ್ದರೆ ಪೊಲೀಸರ ಮಹಜರು ನಡೆಯಬೇಕು, ರಕ್ತದ ಗುಂಪು ಹೊಂದುವ ರೋಗಿಯನ್ನು ಹುಡುಕಬೇಕು, ಆ ರೋಗಿ ಆಸ್ಪತ್ರೆ ತಲುಪಬೇಕು, ದಾರಿ ತೆರವಾಗಬೇಕು. ಇವುಗಳಲ್ಲಿ ಒಂದು ಕೊಂಡಿ ಕಳಚಿದರೂ ಕೊಟ್ಟವರ ದಾನ ಮಣ್ಣುಪಾಲಾಗುತ್ತದೆ.

ದಲ್ಲಾಳಿ ಬಂದು ಕುಳಿತ ಜಾಗ

ಭಾರತದ ವೈದ್ಯರು ಈ ವಿದ್ಯೆಯಲ್ಲಿ ಹಿಂದೆ ಬಿದ್ದವರಲ್ಲ. 1965ರಲ್ಲಿಯೇ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಮೂತ್ರಪಿಂಡ ಕಸಿಯ ಪ್ರಯತ್ನ ನಡೆದಿತ್ತು. ಕೇಪ್‌ಟೌನ್‌ನ ಶಸ್ತ್ರಚಿಕಿತ್ಸೆ ನಡೆದು ಮೂರು ತಿಂಗಳು ತುಂಬುವ ಮೊದಲೇ, 1968ರ ಫೆಬ್ರುವರಿಯಲ್ಲಿ, ಅದೇ ಆಸ್ಪತ್ರೆಯಲ್ಲಿ ಡಾ. ಪಿ.ಕೆ. ಸೇನ್ ಹೃದಯ ಕಸಿಗೆ ಕೈಹಾಕಿದ್ದರು. ಆ ರೋಗಿ ಕೆಲವೇ ಗಂಟೆ ಬದುಕಿದರು. 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಮೂತ್ರಪಿಂಡ ಕಸಿ ಯಶಸ್ವಿಯಾಯಿತು. ಡಾ. ಐಡಾ ಸ್ಕಡರ್ ಅವರು 1900ರಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿದ ಸೇವಾಲಯ ದೇಶದ ವೈದ್ಯಕೀಯ ಇತಿಹಾಸದಲ್ಲಿ ಹೀಗೊಂದು ಪುಟವನ್ನು ಸೇರಿಸಿತು.

1983ರ ನಂತರ ಸೈಕ್ಲೋಸ್ಪೋರಿನ್ ಎಂಬ ಔಷಧ ಬಳಕೆಗೆ ಬಂತು. ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಈ ಔಷಧದಿಂದ ರಕ್ತಸಂಬಂಧವಿಲ್ಲದವರ ಅಂಗವೂ ಒಗ್ಗತೊಡಗಿತು. ಜಗತ್ತಿಗೆ ಇದು ವರವಾಯಿತು. ನಮ್ಮಂಥ ದೇಶಗಳಿಗೆ ಅದು ವರವೂ ಆಯಿತು, ಶಾಪವೂ ಆಯಿತು. ಯಾರ ಮೂತ್ರಪಿಂಡವಾದರೂ ಆದೀತು ಎಂದಮೇಲೆ ಬಡವರ ಮೂತ್ರಪಿಂಡಕ್ಕೆ ಬೆಲೆ ಕಟ್ಟುವವರು ಹುಟ್ಟಿಕೊಂಡರು. ಚೆನ್ನೈನ ವಿಲ್ಲಿವಾಕ್ಕಂ ಬಡಾವಣೆಯಲ್ಲಿ ಸಾಲದ ಸುಳಿಗೆ ಸಿಕ್ಕಿ ಮೂತ್ರಪಿಂಡ ಮಾರಿಕೊಂಡವರು ಎಷ್ಟೊಂದು ಜನರಿದ್ದರೆಂದರೆ ಅದಕ್ಕೆ 'ಕಿಡ್ನಿವಾಕ್ಕಂ' ಎಂಬ ಅಡ್ಡಹೆಸರೇ ಬಿದ್ದಿತು. ನಮ್ಮ ಬೆಂಗಳೂರೂ ಈ ಕಳಂಕದಿಂದ ಹೊರತಾಗಿರಲಿಲ್ಲ. ಕೆಲಸ ಕೊಡಿಸುವ ನೆಪದಲ್ಲಿ ಬಡ ಕೂಲಿಗಳನ್ನು ಕರೆತಂದು ಮೂತ್ರಪಿಂಡ ತೆಗೆದ ದೂರುಗಳು 1995ರಲ್ಲಿ ಇಲ್ಲಿಯೂ ಸುದ್ದಿಯಾದವು.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಆ ದಿನಗಳಲ್ಲಿ ಕೊಡಬಲ್ಲವರನ್ನೂ ಪಡೆಯಬೇಕಾದವರನ್ನೂ ಪ್ರಾಮಾಣಿಕವಾಗಿ ಒಂದುಗೂಡಿಸುವ ವ್ಯವಸ್ಥೆಯೊಂದು ನಮ್ಮಲ್ಲಿರಲಿಲ್ಲ. ಆದರೆ ಅಗತ್ಯವಿತ್ತು, ಹಣವಿತ್ತು, ಬಡತನವೂ ಇತ್ತು. ಸಮನ್ವಯ ಮಾಡುವವರಿಲ್ಲದ ಜಾಗದಲ್ಲಿ ದಲ್ಲಾಳಿ ಬಂದು ಕುಳಿತ. ಅವನೂ ಇಬ್ಬರನ್ನು ಒಂದುಗೂಡಿಸುವವನೇ. ಆದರೆ ಅವನ ಲೆಕ್ಕದಲ್ಲಿ ಒಬ್ಬ ಸರಕು, ಮತ್ತೊಬ್ಬ ಗಿರಾಕಿ. ಈ ಮಾತನ್ನು ನೆನಪಿಟ್ಟರೆ ಮುಂದಿನ ಇತಿಹಾಸ ಸುಲಭವಾಗಿ ಅರ್ಥವಾಗುತ್ತದೆ.

ನೆರೆಯ ದ್ವೀಪದ ಪಾಠ

ಬಡ ದೇಶದಲ್ಲಿ ಇಂಥ ವ್ಯವಸ್ಥೆ ಸಾಧ್ಯವೇ ಇಲ್ಲ ಎನ್ನುವವರಿಗೆ ನೆರೆಯ ಶ್ರೀಲಂಕಾ ಬಹಳ ಹಿಂದೆಯೇ ಉತ್ತರ ಕೊಟ್ಟಿತ್ತು. ಡಾ. ಹಡ್ಸನ್ ಸಿಲ್ವ ಎಂಬ ತರುಣ ವೈದ್ಯರು 1958ರಲ್ಲಿ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ಸತ್ತ ನಂತರ ಕಣ್ಣುಗಳನ್ನು ಕೊಡುವಂತೆ ಜನರನ್ನು ಬೇಡಿಕೊಂಡರು. ಅವರ ಬಳಿ ಕಟ್ಟಡವಿರಲಿಲ್ಲ, ಅನುದಾನವಿರಲಿಲ್ಲ. ಪತ್ನಿಯ ನೆರವಿನಿಂದ ಕಣ್ಣುಗಳನ್ನು ಸಂಗ್ರಹಿಸಿ ಮನೆಯ ಶೈತ್ಯಪೆಟ್ಟಿಗೆಯಲ್ಲಿಯೇ ಇಡುತ್ತಿದ್ದರು. ತಮ್ಮ ತಾಯಿ ತೀರಿಕೊಂಡಾಗ ಆಕೆಯ ಕಣ್ಣುಗಳನ್ನೂ ದಾನ ಮಾಡಿದರು. ಬಳಿಕ ಊರೂರಿನಲ್ಲಿ ಸ್ವಯಂಸೇವಕರ ಜಾಲ ಬೆಳೆಯಿತು. ಒಂದು ಮನೆಯಲ್ಲಿ ಸಾವಾದೊಡನೆ ಯಾರಿಗೆ ತಿಳಿಸಬೇಕು, ಯಾರು ಬರಬೇಕು, ಕಣ್ಣುಗಳನ್ನು ಎಲ್ಲಿಗೆ ಕಳುಹಿಸಬೇಕು ಎಂಬುದು ಹಳ್ಳಿಗರಿಗೂ ಗೊತ್ತಾಯಿತು.

ತನ್ನ ಅಗತ್ಯಕ್ಕೆ ಮೀರಿ ಕಣ್ಣುಗಳು ದೊರೆತಾಗ ಆ ಪುಟ್ಟ ದೇಶ ಅವನ್ನು ಹೊರಕ್ಕೆ ಕಳುಹಿಸತೊಡಗಿತು. 1964ರಲ್ಲಿ ಸಿಂಗಪುರಕ್ಕೆ ಹೋದ ಕಣ್ಣುಗಳೇ ಮೊದಲನೆಯವು. ಆಮೇಲೆ ಹತ್ತಾರು ದೇಶಗಳ ಅಂಧರಿಗೆ ಶ್ರೀಲಂಕಾದ ಬಡ ರೈತರ, ಮೀನುಗಾರರ ಕಣ್ಣುಗಳಿಂದ ಬೆಳಕು ದೊರೆಯಿತು. ಬೌದ್ಧ ಧರ್ಮದ ದಾನದ ಆದರ್ಶ ಅಲ್ಲಿಯ ಜನಮನವನ್ನು ಸಿದ್ಧಗೊಳಿಸಿತ್ತು ಎಂಬುದು ನಿಜ. ಆದರೆ ಆ ಆದರ್ಶ ಕೈಗೂಡಿದ್ದು ಸಾವಿನ ಸುದ್ದಿ ಸರಿಯಾದವರಿಗೆ ಸಕಾಲದಲ್ಲಿ ಮುಟ್ಟುವ ಏರ್ಪಾಡಿನಿಂದ.

ಕಾನೂನು ಬಂತು, ದಾನ ಬರಲಿಲ್ಲ

ನಮ್ಮಲ್ಲಿ ಮೂತ್ರಪಿಂಡ ವ್ಯಾಪಾರದ ವಿರುದ್ಧ ಕೂಗೆದ್ದ ಮೇಲೆ 1994ರಲ್ಲಿ ಸಂಸತ್ತು ಮಾನವ ಅಂಗಾಂಗ ಕಸಿ ಕಾಯಿದೆಯನ್ನು ಅಂಗೀಕರಿಸಿತು. 1995ರಿಂದ ಅದು ಜಾರಿಗೆ ಬಂತು. ಕರ್ನಾಟಕವೂ ಅದನ್ನು ಒಪ್ಪಿಕೊಂಡಿತು. ಅಂಗಗಳ ಕೊಳ್ಳುವಿಕೆ, ಮಾರುವಿಕೆ ಎರಡೂ ಅಪರಾಧವೆಂದು ಈ ಕಾಯಿದೆ ಸಾರಿತು. ಮಿದುಳು ಸಾವನ್ನು ಸಾವೆಂದೇ ಒಪ್ಪಿತು. ಅದನ್ನು ನಾಲ್ವರು ವೈದ್ಯರ ತಂಡ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು ಎಂದು ವಿಧಿಸಿತು. ಕಸಿ ಮಾಡುವ ತಂಡದವರು ಈ ನಾಲ್ವರಲ್ಲಿ ಇರಕೂಡದು. ಅದೇ 1994ರ ಆಗಸ್ಟ್ 3ರಂದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ಪಿ. ವೇಣುಗೋಪಾಲ್ ಅವರು ದೇಶದ ಮೊದಲ ಯಶಸ್ವೀ ಹೃದಯ ಕಸಿಯನ್ನು ನಡೆಸಿದರು.

ಕಾನೂನು ಇತ್ತು, ಕುಶಲ ವೈದ್ಯರಿದ್ದರು. ಆದರೂ ಮುಂದಿನ ಹತ್ತು ಹನ್ನೆರಡು ವರ್ಷ ಮೃತರ ಅಂಗದಾನ ಬೆರಳೆಣಿಕೆಯ ಮಟ್ಟದಿಂದ ಹೆಚ್ಚು ಮೇಲೇಳಲಿಲ್ಲ. ಕಾನೂನು ಬಾಗಿಲನ್ನು ತೆರೆಯಿತು, ಆದರೆ ಬಾಗಿಲಲ್ಲಿ ನಿಂತು ಕರೆಯುವವರನ್ನು ನೇಮಿಸಲಿಲ್ಲ. ತೀವ್ರ ನಿಗಾ ಘಟಕದಲ್ಲಿ ಮಗ ಮಲಗಿರುವಾಗ ತಂದೆತಾಯಿಯ ಬಳಿ ಕುಳಿತು ಮಿದುಳು ಸಾವೆಂದರೇನೆಂದು ಬಿಡಿಸಿ ಹೇಳುವವರು ಯಾರು? ಒಪ್ಪಿಗೆ ದೊರೆತರೆ ಯಾವ ಆಸ್ಪತ್ರೆಗೆ ತಿಳಿಸಬೇಕು? ಯಾರ ಸರದಿ ಮೊದಲು? ಯಾರಲ್ಲಿಯೂ ಇದಕ್ಕೆ ಉತ್ತರವಿರಲಿಲ್ಲ.

ಇದೇ ಕಾಲದಲ್ಲಿ ಸ್ಪೇನ್ ದೇಶ ಬೇರೊಂದು ದಾರಿ ತೋರಿಸಿತ್ತು. ಅಲ್ಲಿಯ ಕಸಿ ಕಾನೂನು ಬಂದದ್ದು 1979ರಲ್ಲಿ. ಅದರ ಪ್ರಕಾರ, ಬೇಡವೆಂದು ಹೇಳದೆ ತೀರಿಕೊಂಡವರೆಲ್ಲರೂ ದಾನಿಗಳೇ. ಆದರೂ ಹತ್ತು ವರ್ಷ ಕಳೆದ ಮೇಲೂ ದಾನಿಗಳ ಸಂಖ್ಯೆ ಹತ್ತು ಲಕ್ಷ ಜನಸಂಖ್ಯೆಗೆ ಸುಮಾರು 14 ಮಾತ್ರವಿತ್ತು. 1989ರಲ್ಲಿ ಡಾ. ರಫಾಯೆಲ್ ಮಾತೆಸಾನ್ಸ್ ಅವರ ಮುಂದಾಳತ್ವದಲ್ಲಿ ಆ ದೇಶ ರಾಷ್ಟ್ರೀಯ ಕಸಿ ಸಂಸ್ಥೆಯನ್ನು ಕಟ್ಟಿತು. ಅವರು ಕಾನೂನನ್ನು ಬದಲಿಸಲಿಲ್ಲ. ಪ್ರತಿಯೊಂದು ದೊಡ್ಡ ಆಸ್ಪತ್ರೆಯಲ್ಲಿಯೂ ಒಬ್ಬ ಸಮನ್ವಯಕಾರರನ್ನು, ಸಾಮಾನ್ಯವಾಗಿ ತೀವ್ರ ನಿಗಾ ಘಟಕದ ವೈದ್ಯರನ್ನೇ, ನೇಮಿಸಿದರು. ಅವರ ಮೇಲೆ ಪ್ರಾಂತೀಯ ಸಮನ್ವಯಕಾರರು, ಅವರ ಮೇಲೆ ರಾಷ್ಟ್ರೀಯ ಕಚೇರಿ. ಕಾನೂನು ಏನೇ ಹೇಳಲಿ, ಮನೆಯವರನ್ನು ಕೇಳದೆ ಯಾವ ಅಂಗವನ್ನೂ ಮುಟ್ಟುವುದಿಲ್ಲ ಎಂಬ ಪದ್ಧತಿಯನ್ನು ಪಾಲಿಸಿದರು. 2023ರಲ್ಲಿ ಸ್ಪೇನ್‌ನಲ್ಲಿ ದಾನಿಗಳ ಪ್ರಮಾಣ ಹತ್ತು ಲಕ್ಷಕ್ಕೆ 48.9ಕ್ಕೆ ಏರಿತ್ತು. ಅದು ಜಗತ್ತಿನಲ್ಲಿಯೇ ಅತ್ಯುನ್ನತ ಮಟ್ಟದ್ದು.

ತಮಿಳುನಾಡು ಕಟ್ಟಿದ ಸೇತುವೆ

ಭಾರತದಲ್ಲಿ ಈ ಪಾಠವನ್ನು ಮೊದಲು ಮನಗಂಡವರಲ್ಲಿ ಚೆನ್ನೈನ ಡಾ. ಸುನಿಲ್ ಶ್ರಾಫ್ ಒಬ್ಬರು. 1997ರಲ್ಲಿ ಅವರು ಆರಂಭಿಸಿದ ಮೋಹನ್ ಫೌಂಡೇಷನ್ ಆಸ್ಪತ್ರೆಗಳ ನಡುವೆ ಅಂಗಗಳನ್ನು ಹಂಚಿಕೊಳ್ಳುವ ಏರ್ಪಾಡು ಮಾಡಿತು. ದುಃಖದಲ್ಲಿರುವ ಕುಟುಂಬದವರೊಡನೆ ಮಾತನಾಡಬಲ್ಲ ಸಮನ್ವಯಕಾರರಿಗೆ ತರಬೇತಿ ಕೊಡತೊಡಗಿತು.

ಸರಕಾರವನ್ನು ಎಚ್ಚರಿಸಿದ್ದು ಒಂದು ನೋವಿನ ಸಂಗತಿ. 2004ರ ಸುನಾಮಿಯಲ್ಲಿ ನೆಲೆ ಕಳೆದುಕೊಂಡು ಉತ್ತರ ಚೆನ್ನೈನ ಪುನರ್ವಸತಿ ಕೇಂದ್ರದಲ್ಲಿದ್ದ ಮೀನುಗಾರ ಕುಟುಂಬಗಳ ಅನೇಕ ಮಹಿಳೆಯರು ಮೂತ್ರಪಿಂಡ ಮಾರಿಕೊಂಡಿದ್ದಾರೆಂಬುದು 2007ರ ಆರಂಭದಲ್ಲಿ ಬೆಳಕಿಗೆ ಬಂತು. ಸಮುದ್ರ ಮನೆಯನ್ನು ಕಸಿದರೆ ದಲ್ಲಾಳಿ ದೇಹವನ್ನೇ ಕಸಿದಿದ್ದ. ವ್ಯಾಪಾರವನ್ನು ಶಿಕ್ಷೆಯಿಂದ ಮಾತ್ರ ತಡೆಯಲಾಗದು, ಮೃತರ ದಾನದ ಪ್ರಾಮಾಣಿಕ ವ್ಯವಸ್ಥೆಯನ್ನು ಕಟ್ಟಲೇಬೇಕು ಎಂಬ ಅರಿವು ಗಟ್ಟಿಯಾಯಿತು. 2008ರಲ್ಲಿ ತಮಿಳುನಾಡು ಸರಕಾರ ಒಂದರ ಹಿಂದೊಂದು ಆದೇಶಗಳನ್ನು ಹೊರಡಿಸಿತು. ಮಿದುಳು ಸಾವನ್ನು ಗುರುತಿಸಿ ಘೋಷಿಸುವುದು ಆಸ್ಪತ್ರೆಗಳ ಕರ್ತವ್ಯವಾಯಿತು. ಶವಪರೀಕ್ಷೆಯ ವಿಧಾನ ಸರಳವಾಯಿತು. ಕಾಯುವವರ ಪಟ್ಟಿ ರಾಜ್ಯಕ್ಕೆಲ್ಲ ಒಂದೇ ಆಯಿತು. ಸರಕಾರಿ ವೈದ್ಯ ಡಾ. ಜೆ. ಅಮಲೋರ್ಪವನಾಥನ್ ಇದರ ಸಂಚಾಲಕರಾದರು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹದಿನೈದು ವರ್ಷದ ಬಾಲಕನೊಬ್ಬ ರಸ್ತೆ ಅಪಘಾತದಲ್ಲಿ ಮಿದುಳು ಸಾವಿಗೀಡಾದ. ಅವನ ತಂದೆತಾಯಿಯರಿಬ್ಬರೂ ವೈದ್ಯರು. ಮಗನ ಅಂಗಗಳನ್ನು ಕೊಡಲು ಅವರಾಗಿಯೇ ಮುಂದೆ ಬಂದರು. ಚೆನ್ನೈನ ಪೊಲೀಸರು ರಸ್ತೆಯುದ್ದಕ್ಕೂ ನಿಂತು ವಾಹನಗಳನ್ನು ತಡೆದರು. ಸಾಮಾನ್ಯವಾಗಿ ಮುಕ್ಕಾಲು ಗಂಟೆ ಹಿಡಿಯುತ್ತಿದ್ದ ದಾರಿಯನ್ನು ಹೃದಯ ಹೊತ್ತ ವಾಹನ ಹನ್ನೊಂದು ನಿಮಿಷಗಳಲ್ಲಿ ಕ್ರಮಿಸಿತು. ಆ ಹೃದಯ ಪುಟ್ಟ ಬಾಲಕಿಯೊಬ್ಬಳ ಎದೆಯಲ್ಲಿ ಬಡಿಯತೊಡಗಿತು. ತಮಿಳುನಾಡಿನ ಮನೆಮನೆಯಲ್ಲಿ ಈ ಸುದ್ದಿ ಮಾತಾಯಿತು. ಆದೇಶಗಳು ಸಿದ್ಧಪಡಿಸಿದ ವ್ಯವಸ್ಥೆಗೆ ಆ ತಂದೆತಾಯಿಯರ ತ್ಯಾಗ ಜೀವ ತುಂಬಿತು. 2023ರಲ್ಲಿ ಆ ರಾಜ್ಯ ಅಂಗದಾನಿಗಳ ಅಂತ್ಯಕ್ರಿಯೆಯನ್ನು ಸರಕಾರಿ ಗೌರವದೊಂದಿಗೆ ನಡೆಸಲು ತೀರ್ಮಾನಿಸಿತು.

ನಮ್ಮ ನಾಡಿನ ಹೆಜ್ಜೆಗಳು

ಕರ್ನಾಟಕದಲ್ಲಿಯೂ ಆಸ್ಪತ್ರೆಗಳ ನಡುವೆ ಅಂಗಗಳನ್ನು ಹಂಚಲು ವಲಯ ಸಮನ್ವಯ ಸಮಿತಿಯೊಂದು ಕೆಲಸ ಆರಂಭಿಸಿತ್ತು. ಮುಂದೆ 2017ರಲ್ಲಿ ಅದು 'ಜೀವಸಾರ್ಥಕತೆ' ಎಂಬ ಸುಂದರ ಹೆಸರನ್ನು ಪಡೆಯಿತು. ರೋಗಿಗಳ ಪಟ್ಟಿಯನ್ನು ಇಟ್ಟುಕೊಳ್ಳುವುದು, ದಾನ ದೊರೆತಾಗ ಸರದಿಯ ಪ್ರಕಾರ ಹಂಚುವುದು, ಪೊಲೀಸರನ್ನೂ ಆಸ್ಪತ್ರೆಗಳನ್ನೂ ಒಂದುಗೂಡಿಸುವುದು ಅದರ ಹೊಣೆ. 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ದಾನಿಯೊಬ್ಬರ ಹೃದಯ ವಿಮಾನದಲ್ಲಿ ಚೆನ್ನೈಗೆ ಹೋಗಿ ಅಲ್ಲಿಯ ರೋಗಿಗೆ ಜೀವ ಕೊಟ್ಟಿತು. ನದಿ ನೀರಿಗಾಗಿ ವಾದಿಸುವ ಎರಡು ರಾಜ್ಯಗಳ ನಡುವೆ ಅಂದು ಒಂದು ಹೃದಯ ಸಾಗಿತು. 2025ರ ಆಗಸ್ಟ್ 1ರಂದು ಬೆಂಗಳೂರಿನ ನಮ್ಮ ಮೆಟ್ರೊ ರೈಲು ವೈಟ್‌ಫೀಲ್ಡ್‌ನಿಂದ ರಾಜರಾಜೇಶ್ವರಿ ನಗರಕ್ಕೆ ದಾನಿಯೊಬ್ಬರ ಯಕೃತ್ತನ್ನು ಸಾಗಿಸಿತು. ಸದಾ ವಾಹನದಟ್ಟಣೆಯ ಆ ನಗರದಲ್ಲಿ ಇದು ಸಣ್ಣ ಸಂಗತಿಯಲ್ಲ.

ಕನ್ನಡಿಗರ ಮನಸ್ಸನ್ನು ತಟ್ಟಿದ ಘಟನೆಗಳೂ ಇವೆ. 2006ರಲ್ಲಿ ಡಾ. ರಾಜಕುಮಾರ್ ಅವರ ಕಣ್ಣುಗಳು ದಾನವಾದವು. 2021ರ ಜೂನ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ನಟ ಸಂಚಾರಿ ವಿಜಯ್ ಅವರ ಅಂಗಗಳನ್ನು ಅವರ ಕುಟುಂಬ ದಾನ ಮಾಡಿತು. ಅದೇ ವರ್ಷದ ಅಕ್ಟೋಬರ್ 29ರಂದು ನಿಧನರಾದ ಪುನೀತ್ ರಾಜಕುಮಾರ್ ಅವರ ಕಣ್ಣುಗಳ ಕಾರ್ನಿಯಾವನ್ನು ಪದರಗಳಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿ ನೀಡಲಾಯಿತು. ಆ ಬಳಿಕ ನೇತ್ರದಾನಕ್ಕೆ ಹೆಸರು ಬರೆಸಲು ಜನ ಸಾಲುಗಟ್ಟಿದರು. 2023ರಲ್ಲಿ ಕರ್ನಾಟಕದಲ್ಲಿ 178 ಕುಟುಂಬಗಳು ತಮ್ಮ ಮೃತರ ಅಂಗಗಳನ್ನು ದಾನ ಮಾಡಿದವು. ದೇಶದಲ್ಲಿ ಮುಂಚೂಣಿಯಲ್ಲಿರುವ ರಾಜ್ಯಗಳಲ್ಲಿ ನಮ್ಮದೂ ಒಂದಾಯಿತು.

ಕೇಂದ್ರದಲ್ಲಿಯೂ ಬದಲಾವಣೆಗಳಾದವು. 2011ರಲ್ಲಿ ತಿದ್ದುಪಡಿಯಾಗಿ 2014ರಿಂದ ಜಾರಿಗೆ ಬಂದ ಕಾಯಿದೆಯು ಕಸಿ ನಡೆಸುವ ಆಸ್ಪತ್ರೆಗಳಲ್ಲಿ ಸಮನ್ವಯಕಾರರು ಇರಲೇಬೇಕೆಂದು ವಿಧಿಸಿತು. ಅಂಗಗಳ ವ್ಯಾಪಾರಕ್ಕೆ ಹತ್ತು ವರ್ಷಗಳವರೆಗಿನ ಸೆರೆವಾಸವನ್ನೂ ಒಂದು ಕೋಟಿ ರೂಪಾಯಿವರೆಗಿನ ದಂಡವನ್ನೂ ಗೊತ್ತುಪಡಿಸಿತು. ರಾಷ್ಟ್ರ, ಪ್ರಾದೇಶಿಕ, ರಾಜ್ಯ ಎಂಬ ಮೂರು ಹಂತದ ಸಂಸ್ಥೆಗಳು ರೂಪುಗೊಂಡವು. ಸೂರ್ಯಾಸ್ತದ ನಂತರ ಶವಪರೀಕ್ಷೆ ಮಾಡಬಾರದೆಂಬ ಹಳೆಯ ಕಟ್ಟಳೆ 2021ರಲ್ಲಿ ಸಡಿಲಗೊಂಡಿತು. ಬೇರೆ ರಾಜ್ಯದವರೆಂಬ ಕಾರಣಕ್ಕೆ ರೋಗಿಯ ಹೆಸರನ್ನು ಪಟ್ಟಿಗೆ ಸೇರಿಸದಿರುವ ನಿಯಮವನ್ನು ಕೈಬಿಡಬೇಕೆಂದು 2023ರಲ್ಲಿ ರಾಜ್ಯಗಳಿಗೆ ತಿಳಿಸಲಾಯಿತು.

ವಿಶ್ವಾಸವೆಂಬ ಅಡಿಗಲ್ಲು

ಇಷ್ಟಾದರೂ ನಾವು ತೃಪ್ತಿಪಡುವಂತಿಲ್ಲ. 2023ರಲ್ಲಿ ಭಾರತದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಕಸಿಗಳು ನಡೆದವು. ಆದರೆ ಅವುಗಳಲ್ಲಿ ಬಹುಪಾಲು ಬದುಕಿರುವವರೇ ಕೊಟ್ಟ ಅಂಗಗಳು. ಮೃತ ದಾನಿಗಳು ಸುಮಾರು 1,100 ಮಾತ್ರ. ಅಂದರೆ ಹತ್ತು ಲಕ್ಷ ಜನರಿಗೆ ಒಬ್ಬ ದಾನಿಯೂ ಇಲ್ಲ.

ಬದುಕಿರುವ ದಾನಿಗಳು ಯಾರು ಎಂಬುದೂ ಯೋಚಿಸತಕ್ಕ ವಿಷಯ. ಅವರಲ್ಲಿ ಹೆಚ್ಚಿನವರು ಮಹಿಳೆಯರು: ತಾಯಂದಿರು, ಹೆಂಡತಿಯರು, ಅಕ್ಕತಂಗಿಯರು. ಪಡೆಯುವವರೋ ಹೆಚ್ಚಾಗಿ ಗಂಡಸರು. ರಾಷ್ಟ್ರೀಯ ಸಂಸ್ಥೆಯ ಲೆಕ್ಕದಂತೆ 1995ರಿಂದ 2021ರವರೆಗೆ ನಡೆದ 36,640 ಕಸಿಗಳಲ್ಲಿ 29,000ಕ್ಕೂ ಹೆಚ್ಚು ಪುರುಷರಿಗೆ ದೊರೆತರೆ ಮಹಿಳೆಯರಿಗೆ ದೊರೆತದ್ದು 6,945. ತಾಯಿಯ ತ್ಯಾಗವನ್ನು ಹೊಗಳುವ ನಾವು, ಆಕೆಯೇ ರೋಗಿಯಾದಾಗ ಕೊಡುವವರು ಏಕೆ ಕಡಿಮೆಯಾಗುತ್ತಾರೆ ಎಂದು ನಮ್ಮ ನಮ್ಮ ಮನೆಯಲ್ಲಿ ಕೇಳಿಕೊಳ್ಳಬೇಕು. ಮೃತರ ದಾನ ಹೆಚ್ಚಿದಷ್ಟೂ ಮನೆಯ ಹೆಣ್ಣುಮಕ್ಕಳ ಮೇಲಿನ ಈ ಮೌನ ಒತ್ತಡ ಕಡಿಮೆಯಾದೀತು.

ವ್ಯವಸ್ಥೆಯನ್ನು ಕಟ್ಟಲು ವರ್ಷಗಳು ಬೇಕು, ಕೆಡವಲು ಒಂದು ಸಂಶಯ ಸಾಕು. ನೆರೆಯ ಕೇರಳದಲ್ಲಿ 'ಮೃತಸಂಜೀವನಿ' ಎಂಬ ಯೋಜನೆ 2012ರಲ್ಲಿ ಆರಂಭವಾಗಿ ಚೆನ್ನಾಗಿ ಬೆಳೆದಿತ್ತು. 2015ರಲ್ಲಿ 76 ಮಂದಿ, 2016ರಲ್ಲಿ 72 ಮಂದಿ ಮೃತ ದಾನಿಗಳಾದರು. ಬಳಿಕ ಮಿದುಳು ಸಾವಿನ ಘೋಷಣೆಯ ಬಗ್ಗೆ ಅನುಮಾನದ ಮಾತುಗಳು ಹಬ್ಬಿದವು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. 2017ರಲ್ಲಿ ದಾನಿಗಳ ಸಂಖ್ಯೆ 18ಕ್ಕೆ, 2018ರಲ್ಲಿ 8ಕ್ಕೆ ಇಳಿಯಿತು. ಎರಡೇ ವರ್ಷಗಳಲ್ಲಿ ಜನರ ಔದಾರ್ಯ ಬತ್ತಿಹೋಯಿತೇ? ಇಲ್ಲ, ಬತ್ತಿದ್ದು ವಿಶ್ವಾಸ. ಶ್ರೀಮಂತರಿಗೆ ಮಾತ್ರ ಅಂಗ ದೊರೆಯುತ್ತದೆ ಎಂಬ ಭಾವನೆಯೂ ಇದೇ ರೀತಿ ವಿಶ್ವಾಸವನ್ನು ಕೊರೆಯುತ್ತದೆ. ಬಡವನ ದೇಹ ಕೊಡಲು ಯೋಗ್ಯ, ಪಡೆಯಲು ಮಾತ್ರ ಅಲ್ಲ ಎಂದಾದರೆ ಅದು ದಲ್ಲಾಳಿಯ ಕಾಲದ ಅನ್ಯಾಯವೇ ಹೊಸ ಉಡುಗೆ ತೊಟ್ಟಂತೆ. ಆದ್ದರಿಂದ ಸರಕಾರಿ ಆಸ್ಪತ್ರೆಗಳಲ್ಲಿ ಕಸಿ ನಡೆಯಬೇಕು. ಆನಂತರದ ಔಷಧದ ವೆಚ್ಚಕ್ಕೂ ನೆರವು ಇರಬೇಕು. ಯಾರ ಸರದಿ ಯಾವಾಗ, ಏಕೆ ಎಂಬುದು ತೆರೆದ ಪುಸ್ತಕವಾಗಿರಬೇಕು.

ನಮ್ಮ ಪಾಲಿನ ಕೆಲಸ

ಧರ್ಮಸಭೆ ಈ ವಿಷಯದಲ್ಲಿ ಮೌನವಾಗಿ ಉಳಿದಿಲ್ಲ. ಜಗದ್ಗುರು ಹನ್ನೆರಡನೆಯ ಭಕ್ತಿನಾಥರು 1956ರಲ್ಲಿಯೇ ಕಾರ್ನಿಯಾ ಕಸಿಯ ಬಗ್ಗೆ ಮಾತನಾಡಿದ್ದರು. ಮರುವರ್ಷ, ಸಾವಿನ ಕ್ಷಣವನ್ನು ನಿರ್ಣಯಿಸುವುದು ವೈದ್ಯರ ಹೊಣೆಯೆಂದು ತಿಳಿಸಿದ್ದರು. ಜಗದ್ಗುರು ದ್ವಿತೀಯ ಜಾನ್ ಪಾಲರು 1995ರ ತಮ್ಮ ವಿಶ್ವಪತ್ರದಲ್ಲಿ ಅಂಗದಾನವನ್ನು ದಿನನಿತ್ಯದ ಬದುಕಿನ ವೀರಕಾರ್ಯಗಳ ಸಾಲಿನಲ್ಲಿ ಇರಿಸಿದರು. 2000ದ ಆಗಸ್ಟ್‌ನಲ್ಲಿ ರೋಮ್‌ನಲ್ಲಿ ಸೇರಿದ್ದ ಕಸಿ ತಜ್ಞರ ಸಮ್ಮೇಳನದಲ್ಲಿ ಅವರು, ದಾನಿಯ ಸ್ವತಂತ್ರ ಒಪ್ಪಿಗೆ ಬೇಕು, ಮಾರಾಟ ಸಲ್ಲದು, ಜಾತಿ ಮತ ಅಂತಸ್ತುಗಳನ್ನು ನೋಡದೆ ಹಂಚಬೇಕು ಎಂದು ಬೋಧಿಸಿದರು. ಕೇರಳದ ಫಾದರ್ ಡೇವಿಸ್ ಚಿರಮೆಲ್ ಅವರು 2009ರಲ್ಲಿ ತಮಗೆ ಬಂಧುವಲ್ಲದ ಹಿಂದೂ ಸಹೋದರನೊಬ್ಬನಿಗೆ ಮೂತ್ರಪಿಂಡ ಕೊಟ್ಟರು. 2016ರಲ್ಲಿ ಪಾಲಾ ಧರ್ಮಪ್ರಾಂತ್ಯದ ಸಹಾಯಕ ಧರ್ಮಾಧ್ಯಕ್ಷರಾಗಿದ್ದ ಜೇಕಬ್ ಮುರಿಕ್ಕನ್ ಅವರೂ ಹಾಗೆಯೇ ಮಾಡಿದರು.

ಎಲ್ಲರೂ ಅಂಥ ತ್ಯಾಗ ಮಾಡಬೇಕೆಂದಿಲ್ಲ. ನಮ್ಮಿಂದ ಕೇಳಲಾಗುತ್ತಿರುವುದು ಅದಕ್ಕಿಂತ ಬಹಳ ಸಣ್ಣದು: ಊಟದ ಹೊತ್ತಿನಲ್ಲಿಯೋ ಸಂಜೆಯ ಜಪಸರದ ನಂತರವೋ ಮನೆಯವರೊಡನೆ ಒಂದು ಮಾತು. "ನನಗೆ ಹಾಗೇನಾದರೂ ಆದರೆ ಕೊಟ್ಟುಬಿಡಿ" ಎಂಬ ಒಂದೇ ಮಾತು. ದಾನದ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದ್ದರೂ ನಮ್ಮ ದೇಶದಲ್ಲಿ ಕೊನೆಗೆ ಒಪ್ಪಿಗೆ ಕೊಡಬೇಕಾದವರು ಮನೆಯವರೇ. ಆಸ್ಪತ್ರೆಯ ಮೊಗಸಾಲೆಯಲ್ಲಿ ಆ ಪ್ರಶ್ನೆ ಬಂದಾಗ ಅವರು ತಡವರಿಸುವುದು ಹೆಚ್ಚಾಗಿ ಸ್ವಾರ್ಥದಿಂದಲ್ಲ, ಅಗಲಿದವರ ಇಚ್ಛೆ ಏನಿತ್ತೆಂದು ತಿಳಿಯದೆ. ಮೊದಲೇ ಆಡಿಟ್ಟ ಮಾತು ಅಂದು ಅವರ ಕೈ ಹಿಡಿಯುತ್ತದೆ. ದೇಹ ವಿರೂಪವಾಗುವುದೆಂಬ ಭಯವೂ ಬೇಡ. ವೈದ್ಯರು ಅದನ್ನು ಗೌರವದಿಂದ ಹೊಲಿದು ಮನೆಯವರಿಗೆ ಒಪ್ಪಿಸುತ್ತಾರೆ. ಬಲಿಪೂಜೆ, ಶವಸಂಸ್ಕಾರ ಎಂದಿನಂತೆಯೇ ನಡೆಯುತ್ತವೆ. ಮನೆಯಲ್ಲಿ ಸಹಜವಾಗಿ ತೀರಿಕೊಂಡವರ ಕಣ್ಣುಗಳನ್ನಾದರೂ ಆರು ಗಂಟೆಗಳೊಳಗೆ ಕೊಡಬಹುದು. ಕನ್ನಡಕ ಹಾಕುತ್ತಿದ್ದವರೂ ವೃದ್ಧರೂ ಕಣ್ಣುಗಳನ್ನು ಕೊಡಬಹುದು.

ಸಾವಿನ ಮನೆಯಲ್ಲಿ ಗುರುಮನೆಗೆ ಓಡುವವರು, ಗಂಟೆ ಬಾರಿಸುವವರು, ಸಮಾಧಿ ತೋಡುವವರು ಇಂದಿಗೂ ನಮ್ಮ ಧರ್ಮಕೇಂದ್ರಗಳಲ್ಲಿದ್ದಾರೆ. ಆ ಸಾಲಿಗೆ ಇನ್ನೊಬ್ಬರನ್ನು ಸೇರಿಸಲು ನಮಗೆ ಕಷ್ಟವೇ? ಹತ್ತಿರದ ನೇತ್ರ ಭಂಡಾರದ ದೂರವಾಣಿ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಸುದ್ದಿ ಕೇಳಿದೊಡನೆ ಮನೆಯವರ ಪಕ್ಕದಲ್ಲಿ ಕುಳಿತು, ಮೆಲ್ಲನೆ, ಒತ್ತಾಯವಿಲ್ಲದೆ, ಒಂದು ಮಾತು ಕೇಳಬಲ್ಲ ಒಬ್ಬ ಹಿರಿಯರು ಪ್ರತಿ ಧರ್ಮಕೇಂದ್ರದಲ್ಲಿಯೂ ಇದ್ದರೆ ಸಾಕು. ರಾಜಧಾನಿಯ ಕಚೇರಿಗಳು ಪಟ್ಟಿಯನ್ನು ನೋಡಿಕೊಳ್ಳುತ್ತವೆ, ಪೊಲೀಸರು ದಾರಿ ಬಿಡಿಸುತ್ತಾರೆ, ವೈದ್ಯರು ತಮ್ಮ ಕೆಲಸ ಮಾಡುತ್ತಾರೆ. ಮನೆಯೊಳಗಿನ ಆ ಮೊದಲ ಮಾತನ್ನು ಮಾತ್ರ ನೆರೆಯವರಾದ ನಾವೇ ಆಡಬೇಕು.